ಅಡಿಕೆ ಸುಲಿಯುವ ರಾತ್ರಿಗೆ, ಶಿರಸಿ–ಕಾರವಾರ ದಾರಿಗೆ: ಯಾವ ಪಾಡ್‌ಕಾಸ್ಟ್ ಕಂತು ಕೇಳಬೇಕು?

(ಒಬ್ಬರ ಪ್ರಶ್ನೆ, ಉಳಿದವರ ಉತ್ತರ. ಪ್ರತಿ ಭಾಗದ ಮೇಲಿರುವುದು ಬರೆದವರು ಇಟ್ಟುಕೊಂಡ ಹೆಸರು.)

ಹುಲೇಕಲ್ ರಸ್ತೆ

ಅಡಿಕೆಯ ಕೊನೆಕೊಯ್ಲು ಶುರುವಾಯ್ತು. ಇನ್ನು ಎರಡು ತಿಂಗಳು ರಾತ್ರಿ ಊಟ ಮುಗಿದ ಮೇಲೆ ಆರೇಳು ಜನ ಜಗಲಿಯಲ್ಲಿ ಕೂತು ಹಸಿ ಅಡಿಕೆ ಸುಲಿಯುವ ಕೆಲಸ, ದಿನಕ್ಕೆ ಮೂರು ತಾಸಾದರೂ ಹೌದು. ಕೈಗೂ ಕಣ್ಣಿಗೂ ಬಿಡುವಿಲ್ಲ, ಕಿವಿಗೆ ಮಾತ್ರ ಬಿಡುವು. ಕೂತವರಲ್ಲಿ ಹದಿನೈದು ವರ್ಷದವರೂ ಇದ್ದಾರೆ, ಎಪ್ಪತ್ತು ದಾಟಿದವರೂ ಇದ್ದಾರೆ. ಈ ಗುಂಪಿಗೆ ಕನ್ನಡವೇ ಆಗಬೇಕು.

ಎರಡನೆಯದು ಬೇರೆ. ವಾರಕ್ಕೊಮ್ಮೆ ಶಿರಸಿಯಿಂದ ಕುಮಟಾ ಮೇಲೆ ಕಾರವಾರಕ್ಕೆ ಕಾರಿನಲ್ಲಿ ಒಬ್ಬರೇ ಹೋಗಿ ಬರುವುದಿದೆ. ಹೋಗಲು ಮೂರು ತಾಸು, ಬರಲು ಮೂರು ತಾಸು. ಇದಕ್ಕೆ ಇಂಗ್ಲಿಷ್ ಆದೀತು.

ಕಾರ್ಯಕ್ರಮದ ಹೆಸರು ಮಾತ್ರ ಹೇಳಿದರೆ ಉಪಯೋಗವಿಲ್ಲ. ಸಾವಿರ ಕಂತಿನ ಪಟ್ಟಿ ತೆರೆದುಕೊಂಡು ಯಾವುದನ್ನು ಒತ್ತಬೇಕೆಂದು ತಿಳಿಯದೆ ಮುಚ್ಚಿಡುವುದೇ ಆಗುತ್ತದೆ. ದಯವಿಟ್ಟು ಕಂತಿನ ಹೆಸರು ಹೇಳಿ, ಅದರಲ್ಲಿ ಏನಿದೆ, ಎಲ್ಲಿ ಕಷ್ಟವಾಗುತ್ತದೆ ಎಂದೂ ಹೇಳಿ. ಮನೆಯಲ್ಲಿ ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ದೇವಿಮನೆ ಘಟ್ಟ ಇಳಿಯುವಾಗ ಸಿಗ್ನಲ್ ಹೋಗುವುದು ಎಲ್ಲರಿಗೂ ಗೊತ್ತಿದ್ದದ್ದೇ. ಹಾಗಾಗಿ ಮೊದಲೇ ಇಳಿಸಿಟ್ಟುಕೊಳ್ಳುವ ಕ್ರಮವನ್ನೂ ಯಾರಾದರೂ ಬಿಡಿಸಿ ಹೇಳಿದರೆ ಒಳ್ಳೆಯದು.

ಕಾಳಿ ದಂಡೆ

ಕಾರಿನ ದಾರಿಯಿಂದ ಶುರು ಮಾಡುತ್ತೇನೆ. ಘಟ್ಟದ ತಿರುವಿನಲ್ಲಿ ಕೇಳುವ ಕಂತಿಗೆ ಒಂದು ಗುಣ ಬೇಕು. ಎದುರು ಲಾರಿ ಬಂದು ಅರ್ಧ ನಿಮಿಷ ಗಮನ ತಪ್ಪಿದರೂ ಎಳೆ ತಪ್ಪಬಾರದು. ಹತ್ತು ಹೆಸರು, ಇಪ್ಪತ್ತು ತಾರೀಖು ನೆನಪಿಟ್ಟುಕೊಳ್ಳಬೇಕಾದ್ದನ್ನು ಅಲ್ಲಿ ಹಾಕಬೇಡಿ. ಒಂದೇ ಕಟ್ಟಡ, ಒಂದೇ ವಸ್ತು, ಒಂದೇ ಘಟನೆ ಹಿಡಿದು ಹೇಳುವವು ಆ ದಾರಿಗೆ ಸರಿ.

ಮೊದಲು '99 ಪರ್ಸೆಂಟ್ ಇನ್‌ವಿಸಿಬಲ್'. ರೋಮನ್ ಮಾರ್ಸ್ 2010ರಿಂದ ನಡೆಸುತ್ತಿರುವುದು, ಕಟ್ಟಡ ಮತ್ತು ವಿನ್ಯಾಸದ ಬಗ್ಗೆ. ಅದರಲ್ಲಿ 'ಸ್ಟ್ರಕ್ಚರಲ್ ಇಂಟೆಗ್ರಿಟಿ' ಎಂಬ ಕಂತು ಹಾಕಿಕೊಳ್ಳಿ. ನ್ಯೂಯಾರ್ಕಿನ 59 ಅಂತಸ್ತಿನ ಸಿಟಿಕಾರ್ಪ್ ಕಟ್ಟಡ 1977ರಲ್ಲಿ ಮುಗಿಯಿತು. ಜಾಗದ ಒಂದು ಮೂಲೆಯಲ್ಲಿ ಚರ್ಚು ಇದ್ದದ್ದರಿಂದ ಕಂಬಗಳನ್ನು ನಾಲ್ಕು ಮೂಲೆಗೆ ಕೊಡದೆ ಪ್ರತಿ ಬದಿಯ ನಡುವೆ ಕೊಟ್ಟರು. ಹಾಗೆ ಕಟ್ಟಿದ ಮೇಲೆ ಮೂಲೆಗೆ ಓರೆಯಾಗಿ ಬಡಿಯುವ ಗಾಳಿಯ ಲೆಕ್ಕ ಮುಖ್ಯವಾಗುತ್ತದೆ. ಅದರ ಮೇಲೆ, ಬೆಸುಗೆ ಹಾಕಬೇಕಿದ್ದ ಜೋಡಣೆಗಳಿಗೆ ಖರ್ಚು ಉಳಿಸಲು ಬೋಲ್ಟ್ ಹಾಕಿದ್ದರು. ಕಟ್ಟಡದಲ್ಲಿ ಜನ ಕೆಲಸ ಶುರು ಮಾಡಿದ ಮೇಲೆ, 1978ರಲ್ಲಿ, ಎಂಜಿನಿಯರ್ ವಿಲಿಯಂ ಲೆಮೆಶೂರಿಯರ್ ಅವರಿಗೆ ಇದು ಹೊಳೆಯಿತು. ಊರ ಜನರಿಗೆ ತಿಳಿಸದೆ ರಾತ್ರಿ ಹೊತ್ತು ಉಕ್ಕಿನ ಪಟ್ಟಿ ಬೆಸೆದು ಭದ್ರ ಮಾಡಿದರು. ವಿಷಯ ಹೊರಬಿದ್ದದ್ದು 1995ರಲ್ಲಿ. ಕಂತು ಅರ್ಧ ತಾಸಿನ ಒಳಗೆ ಮುಗಿಯುತ್ತದೆ, ಮಾತು ನಿಧಾನ. ಇಂಗ್ಲಿಷ್ ಪಾಡ್‌ಕಾಸ್ಟ್ ಹೊಸದಾಗಿ ಕೇಳುವವರು ಇಲ್ಲಿಂದಲೇ ಶುರು ಮಾಡಬಹುದು.

ಅದೇ ಕಾರ್ಯಕ್ರಮದ 'ಚಿಲ್ಡ್ರನ್ ಆಫ್ ದ ಮಜೆಂಟಾ' 2015ರದ್ದು. ರಿಯೊದಿಂದ ಪ್ಯಾರಿಸ್‌ಗೆ ಹೊರಟ ಏರ್ ಫ್ರಾನ್ಸ್ 447 ವಿಮಾನ 2009ರ ಜೂನ್ 1ರಂದು ಅಟ್ಲಾಂಟಿಕ್‌ನಲ್ಲಿ ಬಿದ್ದು 228 ಜನ ಸತ್ತರು. ವೇಗ ಅಳೆಯುವ ಕೊಳವೆಗೆ ಮಂಜು ಕಟ್ಟಿ ಆಟೋಪೈಲಟ್ ಬಿಟ್ಟುಕೊಟ್ಟಿತು. ಯಂತ್ರವೇ ಹಾರಿಸುವುದಕ್ಕೆ ಒಗ್ಗಿಹೋದ ಕೈಗೆ ಆ ಕ್ಷಣದಲ್ಲಿ ಹಾರಿಸುವುದೇ ಬರಲಿಲ್ಲ. ಯಂತ್ರದ ಮೇಲೆ ಎಷ್ಟು ಭಾರ ಹಾಕಬಹುದು ಎಂಬ ಪ್ರಶ್ನೆಯನ್ನು ಇಷ್ಟು ಸ್ಪಷ್ಟವಾಗಿ ಎತ್ತಿದ ಇನ್ನೊಂದು ಕಂತು ನನಗೆ ಸಿಕ್ಕಿಲ್ಲ. ಕಾಕ್‌ಪಿಟ್‌ನ ಮಾತುಗಳ ವಿವರ ಬರುತ್ತದೆ, ಮನಸ್ಸು ಭಾರವಾಗುತ್ತದೆ. ರಾತ್ರಿ ಒಬ್ಬರೇ ಗಾಡಿ ಓಡಿಸುವಾಗ ಬೇಡ, ಹಗಲಿನ ಪ್ರಯಾಣಕ್ಕೆ ಇಟ್ಟುಕೊಳ್ಳಿ.

ಕುಮಟಾ ದಾಟಿ ಹೆದ್ದಾರಿ ಹಿಡಿದ ಮೇಲೆ ರಸ್ತೆ ನೇರ, ಆಗ ಉದ್ದದ್ದು ಹಾಕಬಹುದು. 'ದಿಸ್ ಅಮೆರಿಕನ್ ಲೈಫ್'ನ 'ದ ಜಯಂಟ್ ಪೂಲ್ ಆಫ್ ಮನಿ', 2008ರ ಮೇ ತಿಂಗಳದ್ದು. ಅಮೆರಿಕದ ಮನೆ ಸಾಲ ಹೇಗೆ ಕುಸಿಯಿತು ಎಂಬುದನ್ನು ಸಾಲ ತೆಗೆದವನಿಂದ ಹಿಡಿದು ದಲ್ಲಾಳಿ, ಬ್ಯಾಂಕು, ವಾಲ್ ಸ್ಟ್ರೀಟ್ ತನಕ ಸರಪಳಿಯ ಒಂದೊಂದು ಕೊಂಡಿಯ ಜನರನ್ನೇ ಮಾತಾಡಿಸಿ ಹೇಳುತ್ತದೆ. ಅರ್ಥಶಾಸ್ತ್ರ ಓದದವರಿಗೂ ತಿಳಿಯುತ್ತದೆ. ಅಡಿಕೆ ದರ ಯಾಕೆ ಏರುತ್ತದೆ, ಯಾಕೆ ಬೀಳುತ್ತದೆ ಎಂದು ವರ್ಷವಿಡೀ ಮಾತಾಡುವ ನಮಗೆ ದೂರದ ದುಡ್ಡು ಹತ್ತಿರದ ಮನೆಯ ಬಾಗಿಲಿಗೆ ಬರುವ ದಾರಿ ಹೇಗಿರುತ್ತದೆ ಎಂದು ಅದರಲ್ಲಿ ಕಾಣುತ್ತದೆ. 'ಪ್ಲಾನೆಟ್ ಮನಿ' ಎಂಬ ಹಣಕಾಸಿನ ಪಾಡ್‌ಕಾಸ್ಟ್ ಹುಟ್ಟಿದ್ದು ಈ ಕಂತಿನ ನಂತರ.

ಕಾರವಾರ ಬಂದರಿನ ಹತ್ತಿರ ಕಾಯುವ ಹತ್ತು ನಿಮಿಷಕ್ಕೆ ಟಿಮ್ ಹಾರ್ಫರ್ಡ್ ಅವರ '50 ಥಿಂಗ್ಸ್ ದಟ್ ಮೇಡ್ ದ ಮಾಡರ್ನ್ ಎಕಾನಮಿ'. ಬಿಬಿಸಿಯದು, ಒಂದೊಂದು ಕಂತೂ ಒಂಬತ್ತು–ಹತ್ತು ನಿಮಿಷ. 'ಶಿಪ್ಪಿಂಗ್ ಕಂಟೇನರ್' ಮೊದಲು ಕೇಳಿ. 1956ರಲ್ಲಿ ಮಾಲ್ಕಮ್ ಮೆಕ್ಲೀನ್ 58 ಪೆಟ್ಟಿಗೆಗಳನ್ನು ಒಂದು ಹಡಗಿಗೇರಿಸಿ ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಕಳಿಸಿದ್ದರಿಂದ ಜಗತ್ತಿನ ಬಂದರುಗಳ ಕೆಲಸವೇ ಬದಲಾಯಿತು. ಆಮೇಲೆ 'ಬಾರ್ಬ್ಡ್ ವೈರ್', 'ಹೇಬರ್–ಬಾಶ್ ಪ್ರೊಸೆಸ್'. ಎರಡನೆಯದು ಯೂರಿಯಾ ಗೊಬ್ಬರದ ಮೂಲ, ತೋಟ ಇರುವವರು ಬಿಡಬಾರದು.

ಅಘನಾಶಿನಿ

ಜಗಲಿಯ ಗುಂಪಿಗೆ ನನ್ನ ಉತ್ತರ ತಾಳಮದ್ದಳೆ. ಪಾಡ್‌ಕಾಸ್ಟ್ ಎಂಬ ಹೆಸರು ಬರುವ ಎಷ್ಟೋ ಮೊದಲೇ ನಮ್ಮ ಕಡೆ ಬರೀ ಕಿವಿಗೆಂದೇ ಇದ್ದ ಮಾತಿನ ಕಲೆ ಅದು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿ ಕೂತಲ್ಲೇ ಆ ಕ್ಷಣಕ್ಕೆ ಹೊಳೆದ ಮಾತಿನಲ್ಲಿ ಪಾತ್ರ ಕಟ್ಟುತ್ತಾರೆ, ಆ ಮಾತಿಗೇ 'ಅರ್ಥ' ಎನ್ನುವುದು. ನೋಡಲು ಏನೂ ಇಲ್ಲದಿರುವುದರಿಂದ ಧ್ವನಿಮುದ್ರಣದಲ್ಲಿ ಏನೂ ಕಳೆದುಹೋಗುವುದಿಲ್ಲ. ಹದಿನೈದರ ಹುಡುಗನಿಗೂ ಎಪ್ಪತ್ತರ ಅಜ್ಜಿಗೂ ಒಟ್ಟಿಗೆ ಸಲ್ಲುವ ಧ್ವನಿ ಬೇರೆ ಯಾವುದಿದೆ?

ಪ್ರಸಂಗ ಆರಿಸುವಾಗ ಇಬ್ಬರೇ ಎದುರುಬದುರು ಕೂರುವಂಥದ್ದನ್ನು ಮೊದಲು ಹಾಕಿ. 'ಕೃಷ್ಣಸಂಧಾನ', 'ವಾಲಿವಧೆ', 'ಕರ್ಣಭೇದನ', 'ಸುಧನ್ವಾರ್ಜುನ' ಇಂಥವು. ಪಾತ್ರ ಹೆಚ್ಚಾದಷ್ಟೂ ಧ್ವನಿ ಗುರುತಿಸುವುದು ಕಷ್ಟ, ಅಡಿಕೆ ಸುಲಿಯುವ ಕತ್ತಿಯ ಸದ್ದಿನ ನಡುವೆ ಯಾರು ಮಾತಾಡಿದ್ದೆಂದು ತಿಳಿಯದೆ ಹೋಗುತ್ತದೆ. 'ವಾಲಿವಧೆ'ಯಲ್ಲಿ ಬಾಣ ತಾಗಿದ ಮೇಲೆ ವಾಲಿ ರಾಮನನ್ನು ಪ್ರಶ್ನಿಸುವ ಭಾಗವೇ ತಿರುಳು. ಮೊದಲಿನ ವಾಲಿ–ಸುಗ್ರೀವರ ಕಾಳಗದ ಪದ್ಯಗಳಲ್ಲಿ ಹೊಸಬರಿಗೆ ಬೇಸರ ಬಂದರೆ ಆ ಭಾಗಕ್ಕೆ ನೇರ ಹೋಗಬಹುದು, ದೋಷವಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥದ ಹಳೆಯ ಮುದ್ರಣ ಎಲ್ಲಿ ಸಿಕ್ಕರೂ ತೆಗೆದಿಡಿ. ನಮ್ಮ ಸೀಮೆಯವರೇ ಆದ ಉಮಾಕಾಂತ ಭಟ್ಟ ಕೆರೇಕೈ ಅವರ ಅರ್ಥವನ್ನು ಬೇರೆಯಾಗಿ ಕೇಳಿ. ಒಂದೇ ಪಾತ್ರವನ್ನು ಇಬ್ಬರು ಅರ್ಥಧಾರಿಗಳು ಹೇಗೆ ಬೇರೆ ಬೇರೆ ಕಡೆಯಿಂದ ಹಿಡಿಯುತ್ತಾರೆ ಎಂದು ಎರಡು ರಾತ್ರಿ ಅಕ್ಕಪಕ್ಕ ಹಾಕಿ ನೋಡಿದರೆ, ಮೂರನೆಯ ರಾತ್ರಿ ಜಗಲಿಯಲ್ಲೇ ಚರ್ಚೆ ಶುರುವಾಗುತ್ತದೆ.

ಒಂದು ಎಚ್ಚರ. ಪಾಡ್‌ಕಾಸ್ಟ್ ಆ್ಯಪ್‌ಗಳಲ್ಲಿ ಮೌನವನ್ನು ಕತ್ತರಿಸಿ ಬೇಗ ಮುಗಿಸುವ ಗುಂಡಿ ಇರುತ್ತದೆ. ತಾಳಮದ್ದಳೆಗೆ ಅದನ್ನು ಹಾಕಲೇಬೇಡಿ. ಪ್ರಶ್ನೆ ಬಿದ್ದ ಮೇಲೆ ಎದುರಾಳಿ ಎರಡು ಕ್ಷಣ ಸುಮ್ಮನಿರುವುದೂ ಅರ್ಥದ ಭಾಗವೇ. ಆ ಮೌನ ಹೋದರೆ ಮಾತು ಬರೀ ವಾದವಾಗಿ ಕೇಳುತ್ತದೆ. ವೇಗವೂ ಹೆಚ್ಚಿಸದೆ 1 ಇರಲಿ.

ಹಳೆಯ ಕ್ಯಾಸೆಟ್ಟಿನಿಂದ ಇಳಿಸಿದವುಗಳಲ್ಲಿ ಚಂಡೆ–ಮದ್ದಳೆ ಜೋರು, ಮಾತು ಸಣ್ಣಕ್ಕೆ. ಮಾತಿಗೆಂದು ಧ್ವನಿ ಏರಿಸಿದರೆ ಪದ್ಯ ಬಂದಾಗ ಕಿವಿಗೆ ಬಡಿಯುತ್ತದೆ. ಸ್ಪೀಕರನ್ನು ನೆಲದ ಮೇಲೆ, ಗೋಡೆಯ ಮೂಲೆಯಲ್ಲಿ ಇಡಬಾರದು. ಮೂಲೆಯಲ್ಲಿ ತಗ್ಗಿನ ಸ್ವರ ಗುಂಯ್‌ಗುಟ್ಟಿ ವ್ಯಂಜನಗಳನ್ನು ನುಂಗಿಬಿಡುತ್ತದೆ. ಕೂತವರ ಕಿವಿಯ ಎತ್ತರಕ್ಕೆ ಸ್ಟೂಲಿನ ಮೇಲಿಟ್ಟು ಗೋಡೆಯಿಂದ ಎರಡು ಮೊಳ ಈಚೆ ತನ್ನಿ. ಫೋನಿನ ಈಕ್ವಲೈಸರಿನಲ್ಲಿ 150 ಹರ್ಟ್ಸ್ ಕೆಳಗಿನದ್ದನ್ನು ತಗ್ಗಿಸಿ, 2ರಿಂದ 4 ಕಿಲೋಹರ್ಟ್ಸ್ ಸ್ವಲ್ಪ ಏರಿಸಿ. ಮಾತಿನ ಸ್ಪಷ್ಟತೆ ಇರುವುದು ಆ ಭಾಗದಲ್ಲೇ. ಧ್ವನಿ ಹೆಚ್ಚಿಸದೆಯೇ ಅಜ್ಜಿಗೆ ಕೇಳಿಸತೊಡಗುತ್ತದೆ.

ಈಗಿನ ಕಾಲದ ಮಾತುಕತೆ ಬೇಕೆಂದರೆ 'ತಲೆ-ಹರಟೆ' ಕನ್ನಡ ಪಾಡ್‌ಕಾಸ್ಟ್. 2018ರಲ್ಲಿ ಶುರುವಾದದ್ದು. ಪವನ್ ಶ್ರೀನಾಥ್, ಗಣೇಶ್ ಚಕ್ರವರ್ತಿ, ಸೂರ್ಯ ಪ್ರಕಾಶ್ ಬಿ.ಎಸ್. ಇವರು ಅತಿಥಿಗಳನ್ನು ಕೂರಿಸಿಕೊಂಡು ನಡೆಸಿದ ಹರಟೆ. ಬೆಂಗಳೂರಿನ ಕನ್ನಡ, ನಡುನಡುವೆ ಇಂಗ್ಲಿಷ್ ಬರುತ್ತದೆ. ಹಿರಿಯರಿಗೆ ಅದು ತೊಡಕಾಗಬಹುದು, ಹುಡುಗರಿಗೆ ಆಗುವುದಿಲ್ಲ. ಅದರ ಪಟ್ಟಿಯಲ್ಲಿ ಅತಿಥಿ ತಾವೇ ಮಾಡಿದ ಕೆಲಸದ ಬಗ್ಗೆ ಮಾತಾಡಿರುವ ಕಂತುಗಳನ್ನು ಹುಡುಕಿ, ಅವು ಹಳತಾಗುವುದಿಲ್ಲ. ಆ ವಾರದ ಸುದ್ದಿ ಹಿಡಿದು ಆಡಿದ ಮಾತು ಐದು ವರ್ಷದ ನಂತರ ಕೇಳಲು ಸಪ್ಪೆ. ಸಾಹಿತ್ಯದ ಮಾತಿಗೆ 'ಋತುಮಾನ' ಜಾಲತಾಣದ ಧ್ವನಿ ವಿಭಾಗ ನೋಡಿ.

ಯಾಣದ ಕಲ್ಲು

ಇಳಿಸಿಟ್ಟುಕೊಳ್ಳುವ ಕ್ರಮ ಹೇಳುತ್ತೇನೆ. ಆಂಡ್ರಾಯ್ಡ್ ಫೋನ್ ಎಂದುಕೊಂಡಿದ್ದೇನೆ.

'ಆಂಟೆನಾಪಾಡ್' ಹಾಕಿಕೊಳ್ಳಿ. ಉಚಿತ, ಜಾಹೀರಾತಿಲ್ಲ, ಖಾತೆ ತೆರೆಯಬೇಕಿಲ್ಲ. ಗೂಗಲ್ ಪಾಡ್‌ಕಾಸ್ಟ್ಸ್ 2024ರಲ್ಲಿ ಮುಚ್ಚಿತು, ಹಳೆಯ ಲೇಖನ ನೋಡಿ ಅದನ್ನು ಹುಡುಕಬೇಡಿ. ಸ್ಪಾಟಿಫೈನಲ್ಲೂ ಪಾಡ್‌ಕಾಸ್ಟ್ ಇಳಿಸಬಹುದು, ಆದರೆ ಆ ಫೈಲು ಆ್ಯಪ್ ಒಳಗೇ ಬೀಗ ಹಾಕಿಕೊಂಡಿರುತ್ತದೆ, ಪೆನ್‌ಡ್ರೈವ್‌ಗೆ ತೆಗೆಯಲಾಗದು. ಯೂಟ್ಯೂಬಿನಲ್ಲಿ ದುಡ್ಡು ಕಟ್ಟದಿದ್ದರೆ ಪರದೆ ಆರಿದೊಡನೆ ಧ್ವನಿಯೂ ನಿಲ್ಲುತ್ತದೆ. ಅದರ ಮೇಲೆ ಬರೀ ಮಾತು ಕೇಳಲು ಚಿತ್ರದ ಡೇಟಾವೂ ಸುಮ್ಮನೆ ಹೋಗುತ್ತದೆ.

ಎಷ್ಟು ಡೇಟಾ ಬೇಕು? 128 ಕೆಬಿಪಿಎಸ್ (ಸೆಕೆಂಡಿನ ಧ್ವನಿಗೆ ಹಿಡಿಯುವ ಡೇಟಾದ ಅಳತೆ) ಎಂಪಿ3 ಆದರೆ ತಾಸಿಗೆ ಸುಮಾರು 58 ಎಂಬಿ, 64 ಕೆಬಿಪಿಎಸ್ ಆದರೆ 29 ಎಂಬಿ. ವಾರದ ಆರು ತಾಸಿನ ಪ್ರಯಾಣಕ್ಕೆ ಹೆಚ್ಚೆಂದರೆ 350 ಎಂಬಿ. ಪೇಟೆಗೆ ಬಂದಾಗ ವೈಫೈ ಸಿಕ್ಕಲ್ಲಿ ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸ.

ಆ್ಯಪಿನ ಸೆಟ್ಟಿಂಗ್ಸ್‌ಗೆ ಹೋಗಿ ಡೌನ್‌ಲೋಡ್ ವಿಭಾಗದಲ್ಲಿ ಎರಡು ಕೆಲಸ ಮಾಡಿ. ಸ್ವಯಂ ಡೌನ್‌ಲೋಡ್ ಪೂರ್ತಿ ಆಫ್ ಮಾಡಿ. ಇಲ್ಲದಿದ್ದರೆ ದಿನವೂ ಬರುವ ಸುದ್ದಿ ಕಾರ್ಯಕ್ರಮ ಫೋನ್ ತುಂಬಿಸಿಬಿಡುತ್ತದೆ, ಬೇಕಾದ ಕಂತಿಗೆ ಜಾಗವಿರುವುದಿಲ್ಲ. ಎರಡನೆಯದು, ಕೇಳಿ ಮುಗಿದ ಕಂತನ್ನು ತಾನಾಗಿ ಅಳಿಸುವುದನ್ನು ತಾಳಮದ್ದಳೆಯ ಮಟ್ಟಿಗಾದರೂ ನಿಲ್ಲಿಸಿ. ಆಮೇಲೆ ಫೋನಿನ ಬ್ಯಾಟರಿ ಸೆಟ್ಟಿಂಗಿನಲ್ಲಿ ಈ ಆ್ಯಪ್‌ಗೆ ನಿರ್ಬಂಧ ತೆಗೆಯಿರಿ. ಶಿಯೋಮಿ, ವಿವೋ, ಒಪ್ಪೊ ಫೋನುಗಳಲ್ಲಿ ಆಟೋಸ್ಟಾರ್ಟ್ ಕೂಡ ಆನ್ ಮಾಡಬೇಕು. ಇದು ಮಾಡದಿದ್ದರೆ ಪರದೆ ಆರಿದ ಕೂಡಲೇ ಫೋನೇ ಡೌನ್‌ಲೋಡ್ ಕೊಲ್ಲುತ್ತದೆ. ಬೆಳಿಗ್ಗೆ ನೋಡಿದರೆ ಅರ್ಧಕ್ಕೆ ನಿಂತಿರುತ್ತದೆ, ಜನ ನೆಟ್ಟನ್ನು ಬೈಯುತ್ತಾರೆ.

ಅರ್ಧಕ್ಕೆ ನಿಂತದ್ದನ್ನು ಮುಂದುವರಿಸಬೇಡಿ. ಪೂರ್ತಿ ಅಳಿಸಿ ಮೊದಲಿನಿಂದ ಇಳಿಸಿ. ಈಗ ಹೆಚ್ಚಿನ ಇಂಗ್ಲಿಷ್ ಪಾಡ್‌ಕಾಸ್ಟ್‌ಗಳಲ್ಲಿ ಜಾಹೀರಾತನ್ನು ಇಳಿಸುವ ಹೊತ್ತಿಗೆ ಸರ್ವರ್ ಸೇರಿಸುತ್ತದೆ. ನಿನ್ನೆ ಅರ್ಧ ಇಳಿಸಿದ ಫೈಲು, ಇವತ್ತು ಬರುವ ಉಳಿದರ್ಧ, ಎರಡರ ಉದ್ದವೂ ಬೇರೆ ಇರಬಹುದು. ಹೊಂದದ ತುದಿಗಳು ಸೇರಿದಾಗ ನಡುವೆ ಒಂದು ನಿಮಿಷ ಹಾರಿಹೋಗುತ್ತದೆ ಅಥವಾ ಹೇಳಿದ್ದನ್ನೇ ಮತ್ತೆ ಹೇಳುತ್ತದೆ. ಇದೇ ಕಾರಣಕ್ಕೆ 'ಇಪ್ಪತ್ಮೂರನೇ ನಿಮಿಷದಿಂದ ಕೇಳಿ' ಎಂದು ಒಬ್ಬರು ಹೇಳಿದ್ದು ಇನ್ನೊಬ್ಬರ ಫೋನಿಗೆ ತಾಳೆಯಾಗುವುದಿಲ್ಲ.

ತಾಳಮದ್ದಳೆಯ ಎಂಪಿ3 ನಿಮ್ಮ ಬಳಿ ಆಗಲೇ ಇದ್ದರೆ ಅದನ್ನೂ ಇದೇ ಆ್ಯಪಿನಲ್ಲಿ ಕೇಳಬಹುದು. ಫೋನಿನಲ್ಲಿ ಒಂದು ಫೋಲ್ಡರ್ ಮಾಡಿ, ಫೈಲುಗಳಿಗೆ 01, 02 ಎಂದು ಮುಂದೆ ಅಂಕಿ ಹಾಕಿ ಹೆಸರಿಡಿ. ಆ್ಯಪಿನಲ್ಲಿ ಹೊಸ ಪಾಡ್‌ಕಾಸ್ಟ್ ಸೇರಿಸುವಲ್ಲಿ 'ಲೋಕಲ್ ಫೋಲ್ಡರ್' ಆಯ್ಕೆ ಇದೆ, ಅದನ್ನು ತೋರಿಸಿ. ಹಾಡಿನ ಪ್ಲೇಯರಿಗೂ ಇದಕ್ಕೂ ಇರುವ ವ್ಯತ್ಯಾಸವೆಂದರೆ, ಮೂರು ತಾಸಿನ ಪ್ರಸಂಗವನ್ನು ಎಲ್ಲಿ ನಿಲ್ಲಿಸಿದಿರೋ ಮಾರನೇ ರಾತ್ರಿ ಅಲ್ಲಿಂದಲೇ ಎತ್ತಿಕೊಳ್ಳುತ್ತದೆ. ಮೌನ ಕತ್ತರಿಸುವುದು ಬೇಡವೆಂದು ಅಘನಾಶಿನಿಯವರು ಹೇಳಿದರಲ್ಲ, ವೇಗವನ್ನೂ ಅದನ್ನೂ ಇದರಲ್ಲಿ ಪ್ರತಿ ಪಾಡ್‌ಕಾಸ್ಟಿಗೆ ಬೇರೆ ಬೇರೆಯಾಗಿ ಇಡಬಹುದು. ಒಂದಕ್ಕೆ 1.2, ತಾಳಮದ್ದಳೆಗೆ 1.

ಕೊನೆಯದು: ತಿಂಗಳಿಗೊಮ್ಮೆ ಒಪಿಎಂಎಲ್ (ಚಂದಾ ಪಟ್ಟಿಯ ಫೈಲು) ಎಕ್ಸ್‌ಪೋರ್ಟ್ ಮಾಡಿ ಆ ಫೈಲನ್ನು ನಿಮಗೇ ಮೇಲ್ ಮಾಡಿಕೊಳ್ಳಿ. ಫೋನ್ ಹೊಳೆಗೆ ಬಿದ್ದರೂ ಹೊಸ ಫೋನಿನಲ್ಲಿ ಚಂದಾ ಪಟ್ಟಿ ಪೂರ್ತಿ ವಾಪಸು ಬರುತ್ತದೆ.

ಬನವಾಸಿ ಮೂಲೆ

ಕಾಳಿ ದಂಡೆಯವರು ಹೇಳಿದ್ದೆಲ್ಲ ಒಂಟಿ ಕಂತುಗಳು. ವಾರವಾರ ಒಂದೇ ದಾರಿಯಲ್ಲಿ ಹೋಗುವವರಿಗೆ ಧಾರಾವಾಹಿಯೂ ಬೇಕು, ಮುಂದಿನ ವಾರದ ತನಕ ಮನಸ್ಸಿನಲ್ಲಿ ಉಳಿಯುವಂಥದ್ದು.

ನನ್ನ ಮೊದಲ ಆಯ್ಕೆ ಬಿಬಿಸಿಯ '13 ಮಿನಿಟ್ಸ್ ಟು ದ ಮೂನ್', 2019ರದ್ದು, ವೈದ್ಯ ಕೆವಿನ್ ಫಾಂಗ್ ನಿರೂಪಣೆ. 1969ರ ಜುಲೈ 20ರಂದು ಈಗಲ್ ನೌಕೆ ಚಂದ್ರನ ಮೇಲಿಳಿಯಲು ತೆಗೆದುಕೊಂಡ ಹದಿಮೂರು ನಿಮಿಷವನ್ನೇ ಇಟ್ಟುಕೊಂಡು ಮೊದಲ ಸರಣಿ ಪೂರ್ತಿ ನಡೆಯುತ್ತದೆ. ಇಳಿಯುವ ನಡುವೆ ಕಂಪ್ಯೂಟರ್ 1202 ಎಂಬ ಎಚ್ಚರಿಕೆ ಕೊಟ್ಟಿತು. ಅದೇನೆಂದು ಗಗನಯಾತ್ರಿಗಳಿಗೆ ಗೊತ್ತಿಲ್ಲ. ಮುಂದುವರಿಯಬೇಕೋ ವಾಪಸಾಗಬೇಕೋ ಎಂದು ಕೆಳಗೆ ಕೂತ ಇಪ್ಪತ್ತು ಚಿಲ್ಲರೆ ವಯಸ್ಸಿನ ಹುಡುಗರು ಕೆಲವೇ ಕ್ಷಣದಲ್ಲಿ ಹೇಳಬೇಕಿತ್ತು. ಆ ಕಂಪ್ಯೂಟರ್ ಹೇಗೆ ಮಾಡಿದ್ದು, ಆ ಹುಡುಗರು ಯಾರು ಎಂದು ಮೊದಲಿನ ಕಂತುಗಳಲ್ಲಿ ತಿಳಿದುಕೊಂಡಿರುವುದರಿಂದ, ಕೊನೆಗೆ ಮೂಲ ಧ್ವನಿ ಕೇಳುವಾಗ ಒಂದೊಂದು ಪದವೂ ಅರ್ಥವಾಗುತ್ತದೆ. ಹಾಗಾಗಿ ನೇರ ಕೊನೆಗೆ ಹಾರಬಾರದು. ಎರಡನೇ ಸರಣಿ ಅಪೊಲೊ 13ರದ್ದು.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಆ್ಯಪ್‌ಗಳು ಹೊಸ ಕಂತನ್ನು ಮೇಲೆ ತೋರಿಸುತ್ತವೆ. ಮೇಲಿನದನ್ನು ಒತ್ತಿದರೆ ಧಾರಾವಾಹಿ ಕೊನೆಯಿಂದ ಶುರುವಾಗುತ್ತದೆ. ಆಂಟೆನಾಪಾಡಿನಲ್ಲಿ ಆ ಪಾಡ್‌ಕಾಸ್ಟಿನ ಮೆನುವಿಗೆ ಹೋಗಿ, ವಿಂಗಡಣೆಯಲ್ಲಿ ಹಳೆಯದು ಮೊದಲು ಎಂದು ಬದಲಿಸಿಕೊಳ್ಳಿ. ಟ್ರೇಲರ್, ಬೋನಸ್ ಎಂದಿರುವವುಗಳನ್ನು ಆಮೇಲೆ ಕೇಳಿದರಾಯ್ತು.

'ಸೀರಿಯಲ್' ಮೊದಲ ಸರಣಿ, 2014, ಸಾರಾ ಕೇನಿಗ್, 12 ಕಂತು. ಬಾಲ್ಟಿಮೋರ್ ಹತ್ತಿರ 1999ರಲ್ಲಿ ನಡೆದ ಹೇ ಮಿನ್ ಲೀ ಎಂಬ ವಿದ್ಯಾರ್ಥಿನಿಯ ಕೊಲೆ, ಶಿಕ್ಷೆಯಾದ ಅದ್ನಾನ್ ಸೈಯದ್. ಪಾಡ್‌ಕಾಸ್ಟ್ ಎಂಬುದು ಜನಸಾಮಾನ್ಯರ ಬಾಯಿಗೆ ಬಂದದ್ದೇ ಇದರಿಂದ. ಆದರೆ ಘಟ್ಟದಲ್ಲಿ ಬೇಡ. ಐದನೆಯ ಕಂತು 'ರೂಟ್ ಟಾಕ್' ನೋಡಿ. ಶಾಲೆಯಿಂದ ಒಂದು ಅಂಗಡಿಯ ತನಕ 21 ನಿಮಿಷದಲ್ಲಿ ತಲುಪಲು ಸಾಧ್ಯವೇ ಎಂದು ಗಾಡಿ ಓಡಿಸಿಯೇ ಅಳೆಯುತ್ತಾರೆ, ಫೋನ್ ಕರೆಗಳ ಪಟ್ಟಿಯನ್ನು ಸಾಲುಸಾಲಾಗಿ ಪರೀಕ್ಷಿಸುತ್ತಾರೆ. ಒಂದು ಕರೆಯ ಸಮಯ ತಪ್ಪಿದರೆ ಮುಂದಿನದು ತಿಳಿಯುವುದಿಲ್ಲ. ಅಂಕೋಲಾ ದಾಟಿದ ಮೇಲೆ, ಇಲ್ಲವೇ ಮನೆಯಲ್ಲಿ. ಹನ್ನೆರಡು ಮುಗಿದ ಮೇಲೆ ಅಲ್ಲಿಗೇ ನಿಲ್ಲಿಸಬೇಡಿ. 2022ರ ಸೆಪ್ಟೆಂಬರಿನಲ್ಲಿ ಆತನ ಶಿಕ್ಷೆ ರದ್ದಾದಾಗ ಅದೇ ಫೀಡಿನಲ್ಲಿ 'ಅದ್ನಾನ್ ಈಸ್ ಔಟ್' ಎಂಬ ಕಂತು ಬಂತು. ಅದರ ನಂತರವೂ ಕಥೆ ತಿರುಗಿತು. 2023ರಲ್ಲಿ ಶಿಕ್ಷೆ ಮತ್ತೆ ಊರ್ಜಿತವಾಯಿತು. 2025ರ ಮಾರ್ಚಿನಲ್ಲಿ, ಈವರೆಗೆ ಒಳಗಿದ್ದಷ್ಟೇ ಶಿಕ್ಷೆ ಸಾಕೆಂದು ನ್ಯಾಯಾಲಯ ಹೇಳಿತು. ಇಷ್ಟು ತಿಳಿಯದೆ 2014ರಲ್ಲೇ ನಿಂತರೆ ಕೇಳಿದ್ದು ಅರ್ಧ. ಒಂದು ಹುಡುಗಿ ನಿಜವಾಗಿ ಸತ್ತಿದ್ದಾಳೆ ಎಂಬುದನ್ನು ಕುತೂಹಲದ ಭರದಲ್ಲಿ ಮರೆಯಲೂಬಾರದು.

'ಡೆತ್ ಇನ್ ಐಸ್ ವ್ಯಾಲಿ', 2018, ಬಿಬಿಸಿ ಮತ್ತು ನಾರ್ವೆಯ ಎನ್‌ಆರ್‌ಕೆ ಜೊತೆಯಾಗಿ ಮಾಡಿದ್ದು. 1970ರ ನವೆಂಬರಿನಲ್ಲಿ ಬರ್ಗೆನ್ ಹತ್ತಿರದ ಕಣಿವೆಯಲ್ಲಿ ಸುಟ್ಟ ಸ್ಥಿತಿಯಲ್ಲಿ ಸಿಕ್ಕ ಮಹಿಳೆ. ಬಟ್ಟೆಯ ಲೇಬಲ್ಲುಗಳನ್ನು ಕತ್ತರಿಸಿದ್ದರು, ಹಲವು ಸುಳ್ಳು ಹೆಸರಿನಲ್ಲಿ ಓಡಾಡಿದ್ದಳು. ಯಾರೆಂದು ಇವತ್ತಿಗೂ ತಿಳಿದಿಲ್ಲ. ಉತ್ತರ ಸಿಗಲೇಬೇಕೆನ್ನುವವರಿಗೆ ಇದು ಆಗುವುದಿಲ್ಲ. ಹುಡುಕುವ ಕ್ರಮವನ್ನು ಮೆಚ್ಚುವವರಿಗೆ ಬಹಳ ಆಗುತ್ತದೆ. ಹಲ್ಲಿನಿಂದ ಆಕೆ ಬೆಳೆದ ಪ್ರದೇಶವನ್ನು ಊಹಿಸುವ ಭಾಗ ಅದ್ಭುತ.

ಬೇಡವೆನ್ನುವ ಒಂದನ್ನೂ ಹೇಳಬೇಕು. ಹಳೆಯ ಶಿಫಾರಸು ಪಟ್ಟಿಗಳಲ್ಲಿ ನ್ಯೂಯಾರ್ಕ್ ಟೈಮ್ಸ್‌ನ 'ಕ್ಯಾಲಿಫೇಟ್' ಇನ್ನೂ ಇರುತ್ತದೆ. ಅದರ ಮುಖ್ಯ ವ್ಯಕ್ತಿ ಹೇಳಿದ್ದು ನಂಬಲರ್ಹವಲ್ಲವೆಂದು 2020ರ ಡಿಸೆಂಬರಿನಲ್ಲಿ ಪತ್ರಿಕೆಯೇ ಒಪ್ಪಿಕೊಂಡು ಪೀಬಡಿ ಪ್ರಶಸ್ತಿ ಹಿಂದಿರುಗಿಸಿತು. ಧ್ವನಿಯಲ್ಲಿ ಕೇಳಿದ್ದನ್ನು ನಾವು ಬೇಗ ನಂಬುತ್ತೇವೆ, ಅದೇ ಇಲ್ಲಿನ ಅಪಾಯ. ತಪ್ಪಿದ್ದನ್ನು ಹೇಗೆ ಒಪ್ಪಿಕೊಳ್ಳಬೇಕೆಂದು ಕೇಳಬೇಕಾದರೆ 'ದಿಸ್ ಅಮೆರಿಕನ್ ಲೈಫ್'ನ 2012ರ 'ರಿಟ್ರ್ಯಾಕ್ಷನ್'. ತಾವೇ ಪ್ರಸಾರ ಮಾಡಿದ ಕಂತೊಂದರ ಸುಳ್ಳುಗಳನ್ನು ಒಂದು ತಾಸು ಒಂದೊಂದಾಗಿ ಬಿಚ್ಚಿಡುತ್ತಾರೆ. ಉತ್ತರ ಸಿಗದೆ ಮೌನ ಬೀಳುವ ಜಾಗಗಳಿವೆ. ಅಘನಾಶಿನಿಯವರ ಮಾತು ಇದಕ್ಕೂ ಅನ್ವಯ, ಮೌನ ಕತ್ತರಿಸಬೇಡಿ.

ಹುಲೇಕಲ್ ರಸ್ತೆ

ಎಲ್ಲರಿಗೂ ಉಪಕಾರ. ಇನ್ನು ಎರಡು ಪ್ರಶ್ನೆ. ಕಾರಿನ ಸ್ಟೀರಿಯೊ ಹಳೆಯದು, ಬ್ಲೂಟೂತ್ ಇಲ್ಲ, ಪೆನ್‌ಡ್ರೈವ್ ಮಾತ್ರ. ಕಂತುಗಳು ಕ್ರಮ ತಪ್ಪಿ ಬರುತ್ತವೆ, ಕೆಲವು ಓದುವುದೇ ಇಲ್ಲ. ಹಾಗೆಯೇ ಬಿಬಿಸಿಯ 'ಇನ್ ಅವರ್ ಟೈಮ್' ಒಳ್ಳೆಯದೆಂದು ಕೇಳಿದ್ದೆ, ಎಲ್ಲಿಂದ ಶುರು ಮಾಡುವುದು?

ಕಾಳಿ ದಂಡೆ

'ಇನ್ ಅವರ್ ಟೈಮ್' 1998ರಿಂದ ಇದೆ, 2025ರವರೆಗೆ ಮೆಲ್ವಿನ್ ಬ್ರಾಗ್ ನಡೆಸಿದರು. ಒಂದು ವಿಷಯ, ಮೂವರು ವಿದ್ವಾಂಸರು, ಮುಕ್ಕಾಲು ತಾಸು. ಸಂಗೀತವಿಲ್ಲ, ಪೀಠಿಕೆಯಿಲ್ಲ, ಮೊದಲ ನಿಮಿಷದಲ್ಲೇ ವಿಷಯಕ್ಕೆ ಇಳಿಯುತ್ತದೆ. ನಮಗೆ ಮೊದಲೇ ಸ್ವಲ್ಪ ಗೊತ್ತಿರುವ ವಿಷಯದಿಂದ ಶುರು ಮಾಡಿದರೆ ಮಾತಿನ ವೇಗಕ್ಕೆ ಕಿವಿ ಹೊಂದುತ್ತದೆ. 'ದ ಭಗವದ್ಗೀತಾ', 'ಇಂಡಿಯನ್ ಮ್ಯಾಥಮ್ಯಾಟಿಕ್ಸ್', 'ದ ಈಸ್ಟ್ ಇಂಡಿಯಾ ಕಂಪನಿ', ಆಮೇಲೆ 'ಕಾಫಿ', 'ಫೋಟೊಸಿಂಥಸಿಸ್'. ವೇಗ 1ಕ್ಕಿಂತ ಹೆಚ್ಚಿಸಬೇಡಿ. ಬೇಕಿದ್ದರೆ 0.9 ಮಾಡಿ. ಬಿಬಿಸಿ ಸೌಂಡ್ಸ್ ಆ್ಯಪ್ 2025ರಿಂದ ಬ್ರಿಟನ್ ಹೊರಗೆ ನಿಂತಿದೆ, ಆದರೆ ಪಾಡ್‌ಕಾಸ್ಟ್ ಮಾಮೂಲಿ ಆ್ಯಪ್‌ಗಳಲ್ಲಿ ಸಿಗುತ್ತದೆ.

ಮರೆತಿದ್ದೆ, 'ರೇಡಿಯೊಲ್ಯಾಬ್'ನ 'ಕಲರ್ಸ್', 2012. ಸಮುದ್ರದ ಮ್ಯಾಂಟಿಸ್ ಶ್ರಿಂಪ್ ಎಷ್ಟು ಬಣ್ಣ ಕಾಣಬಲ್ಲುದು ಎಂಬುದನ್ನು ಗಾಯಕರ ತಂಡವೊಂದು ಸ್ವರದ ಮೇಲೆ ಸ್ವರ ಏರಿಸಿ ಹಾಡಿ ತೋರಿಸುತ್ತದೆ. ಬಣ್ಣವನ್ನು ಕಿವಿಗೆ ಕೇಳಿಸುವ ಕೆಲಸ. ಅರ್ಥವಾಗಲು ಇಂಗ್ಲಿಷ್ ಬೇಕಿಲ್ಲ, ಆ ಭಾಗವನ್ನು ಜಗಲಿಯಲ್ಲೂ ಹಾಕಿ.

ಯಾಣದ ಕಲ್ಲು

ಪೆನ್‌ಡ್ರೈವ್ 16 ಅಥವಾ 32 ಜಿಬಿಯದು ಸಾಕು, ಫ್ಯಾಟ್32 ಎಂದು ಫಾರ್ಮ್ಯಾಟ್ ಮಾಡಿ. ಎನ್‌ಟಿಎಫ್‌ಎಸ್, ಎಕ್ಸ್‌ಫ್ಯಾಟ್ ಎಂಬ ಬೇರೆ ಫಾರ್ಮ್ಯಾಟ್ ಆಗಿದ್ದರೆ ಹಳೆಯ ಸ್ಟೀರಿಯೊ ಖಾಲಿ ಎನ್ನುತ್ತದೆ. ಓದದೇ ಇರುವ ಫೈಲುಗಳ ಹೆಸರಿನ ಕೊನೆ ನೋಡಿ, ಎಂ4ಎ ಇದ್ದೀತು. ಅದನ್ನು ಎಂಪಿ3ಗೆ ಬದಲಿಸಬೇಕು, ಮಾತಿಗೆ 64 ಕೆಬಿಪಿಎಸ್ ಮೋನೊ (ಎಡ–ಬಲ ಕೂಡಿಸಿದ ಒಂದೇ ಧ್ವನಿ) ಸಾಕು. ಬರೀ ಹೆಸರಿನ ಕೊನೆ ಬದಲಿಸಿದರೆ ಆಗುವುದಿಲ್ಲ.

ಕ್ರಮ ತಪ್ಪಲು ಕಾರಣ, ಇಂಥ ಸ್ಟೀರಿಯೊ ಹೆಸರು ನೋಡುವುದಿಲ್ಲ, ಯಾವುದು ಮೊದಲು ಬರೆಯಲ್ಪಟ್ಟಿತೋ ಅದನ್ನು ಮೊದಲು ನುಡಿಸುತ್ತದೆ. ಎಲ್ಲವನ್ನೂ ಒಟ್ಟಿಗೆ ಎಳೆದು ಹಾಕಬೇಡಿ. ಖಾಲಿ ಪೆನ್‌ಡ್ರೈವಿಗೆ 01, 02, 03 ಎಂದು ಒಂದೊಂದಾಗಿ ಅದೇ ಕ್ರಮದಲ್ಲಿ ಕಾಪಿ ಮಾಡಿ. ನಡುವೆ ಒಂದನ್ನು ಅಳಿಸಿ ಹೊಸದು ಹಾಕಿದರೆ ಅದು ಅಳಿಸಿದ್ದರ ಜಾಗದಲ್ಲಿ ಕೂತು ಮತ್ತೆ ಕ್ರಮ ಕೆಡುತ್ತದೆ, ಪೂರ್ತಿ ಅಳಿಸಿ ಮತ್ತೆ ತುಂಬುವುದೇ ಸುಲಭ.

ಕೀ ತಿರುಗಿಸಿ ಇಳಿದು ಬಂದರೆ ಎಲ್ಲಿದ್ದಿರೆಂದು ಸ್ಟೀರಿಯೊಗೆ ನೆನಪಿರುವುದಿಲ್ಲ. ಉದ್ದದ ಕಂತನ್ನು ಇಪ್ಪತ್ತು ನಿಮಿಷದ ತುಂಡು ಮಾಡಿ. ವಿಂಡೋಸ್‌ನಲ್ಲಿ 'ಎಂಪಿ3 ಡೈರೆಕ್ಟ್ ಕಟ್' ಎಂಬ ಉಚಿತ ತಂತ್ರಾಂಶ ಇದನ್ನು ಗುಣಮಟ್ಟ ಕೆಡದಂತೆ ಮಾಡುತ್ತದೆ. ಕುಮಟಾದಲ್ಲಿ ಚಹಾಕ್ಕೆ ನಿಲ್ಲಿಸಿ ಬಂದ ಮೇಲೆ ಹುಡುಕಬೇಕಾದ್ದು ತುಂಡಿನ ಅಂಕಿ ಮಾತ್ರ.

ಅಘನಾಶಿನಿ

ಕಾಳಿ ದಂಡೆಯವರು ಹೇಳಿದ 'ಕಲರ್ಸ್' ಜಗಲಿಯಲ್ಲಿ ಹಾಕುವ ಮುನ್ನ ಸ್ಪೀಕರ್ ಒಂದೇ ಇದ್ದರೆ ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗಿನಲ್ಲಿ ಮೋನೊ ಆನ್ ಮಾಡಿ. ಆ ಕಾರ್ಯಕ್ರಮದಲ್ಲಿ ಧ್ವನಿಗಳನ್ನು ಎಡ–ಬಲ ಹಂಚಿರುತ್ತಾರೆ. ಒಂದು ಬದಿ ಮಾತ್ರ ಕೇಳಿದರೆ ಅರ್ಧ ಗಾಯಕರು ಕಾಣೆಯಾಗುತ್ತಾರೆ. ಹಳೆಯ ತಾಳಮದ್ದಳೆ ಕ್ಯಾಸೆಟ್ಟುಗಳಲ್ಲೂ ಕೆಲವು ಒಂದೇ ಬದಿಗೆ ಮುದ್ರಣವಾಗಿವೆ, ಅವಕ್ಕೂ ಇದೇ ಮದ್ದು. ಒಂದೇ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೆಲಸ ಮಾಡುವವರೂ ಇದನ್ನು ಆನ್ ಇಟ್ಟುಕೊಳ್ಳಲಿ.